ಬಡಗಿಯ ತೆಪ್ಪವೂ ಹೊಸ ಡ್ರೈವರೂ

"ಮೇಷ್ಟ್ರೇ, ಒಂದು ಮೆಷೀನು ಸರಿಯಾಯಿತು ಎಂದು ತೀರ್ಮಾನ ಮಾಡುವವರು ಯಾರು?"

ಕೇಳಿದವನು ತಿಪ್ಪೇಶ. ಓಂಕಾರಪ್ಪ ಮೇಷ್ಟ್ರ ಬಳಿ ಕಂಪ್ಯೂಟರ್ ನಡೆಸುವ ಲಿನಕ್ಸ್ ಕಲಿಯಲು ಬಂದು ಅವನಿಗೆ ಎರಡು ವರ್ಷವಾಗಿತ್ತು. ಮೇಷ್ಟ್ರು ಐಟಿಐಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಮನೆಯ ಪಡಸಾಲೆಯಲ್ಲಿ ನಾಲ್ಕು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಬಂದವರಿಗೆಲ್ಲ ಕಲಿಸುತ್ತಿದ್ದರು. ಅಲ್ಲಿ ಪಾಠವೂ ಬಿಟ್ಟಿ, ಬೈಗುಳವೂ ಬಿಟ್ಟಿ.

ತಿಪ್ಪೇಶ ಮುಖ ಊದಿಸಿಕೊಂಡಿದ್ದ. ಹಿಂದಿನ ದಿನ ಅವನು ಒಬ್ಬರ ಮನೆಗೆ ಹೋಗಿ ಅವರ ಕಂಪ್ಯೂಟರಿನ ಗ್ರಾಫಿಕ್ಸ್ ಡ್ರೈವರ್ ಬದಲಿಸಿ ಬಂದಿದ್ದ. ಆಟಗಳು ಐದು ಪಟ್ಟು ವೇಗವಾಗಿ ಓಡಿದವು. ಮನೆಯವರು ನೋಡಿ, "ಹ್ಞೂಂ, ಇರಲಿ ಬಿಡಪ್ಪ" ಎಂದಷ್ಟೇ ಹೇಳಿ ಒಳಗೆ ಹೋದರು. ಆ ಮಾತು ಅವನಿಗೆ ನಾಟಿತ್ತು.

"ವೇಗದ ಅಂಕಿ ಕಣ್ಣೆದುರಿಗೇ ಇತ್ತು ಮೇಷ್ಟ್ರೇ. ಮೂವತ್ತು ಇದ್ದದ್ದು ನೂರೈವತ್ತಾಯಿತು. ಇದಕ್ಕಿಂತ ಸರಿ ಇನ್ನೇನಿರುತ್ತದೆ?"

ಮೇಷ್ಟ್ರು ನಕ್ಕರು. "ನಿನ್ನನ್ನು ಅವರು ಹೊಗಳಲಿಲ್ಲ, ಅದಕ್ಕೆ ನಿನಗೆ ಪ್ರಶ್ನೆ ಹುಟ್ಟಿದೆ. ಹೊಗಳಿದ್ದರೆ ಇವತ್ತು ಪ್ರಶ್ನೆ ಕೇಳುವ ಬದಲು ನನಗೇ ಪಾಠ ಹೇಳುತ್ತಿದ್ದೆ. ಇರಲಿ, ಪ್ರಶ್ನೆ ಒಳ್ಳೆಯದೇ. ಕೂತುಕೋ."

ತಿಪ್ಪೇಶ ಕೂತ. ಮೇಷ್ಟ್ರು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಕೈ ಚುರುಕು, ಬಾಯಿ ಇನ್ನೂ ಚುರುಕು. ಅವನ ಕೆಲಸದ ಮನೆಯಲ್ಲಿ ಒಂದು ಕಟ್ಟುಪಾಡು ಇತ್ತು. ಅಲ್ಲಿ ಯಾರೂ ಉಳಿಯ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಕೀಲು ಸಡಿಲವಾದರೆ, ಹಲಗೆ ಸೀಳಿದರೆ, "ನನ್ನ ಕೈ ತಪ್ಪಿತು" ಎನ್ನಬೇಕು. ಉಳಿ ಸರಿಯಿಲ್ಲ ಎಂದು ಯಾರಾದರೂ ಅಂದರೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಎಲ್ಲರೆದುರು ಹಂಗಿಸುತ್ತಿದ್ದ. ಮೂವತ್ತು ವರ್ಷ ಹೀಗೇ ನಡೆಯಿತು.

ಐವತ್ತೆಂಟನೆಯ ವಯಸ್ಸಿನಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಬೆರಳುಗಳಿಗೆ ದಿನವೂ ಕೆಲಸ ಕೊಟ್ಟರೆ ಕೈ ಮರಳಿ ಬರಬಹುದು, ಬಿಟ್ಟರೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಬಡಗಿ ಅದನ್ನು ಎರಡು ದಿನ ಹಿಚುಕಿ ಮೂರನೆಯ ದಿನ ಅಂಗಳಕ್ಕೆ ಎಸೆದ. ಊರಿನ ಅರ್ಧ ಬಾಗಿಲುಗಳನ್ನು ಮಾಡಿದ ಕೈ ಅದು. ಆ ಕೈಗೆ ಚೆಂಡು ಕೊಟ್ಟರೆ ಅವನಿಗೆ ಸಿಟ್ಟು ಬರದೆ ಇರುತ್ತದೆಯೇ?

ಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಬಾಗಿಲು, ಮಂಚಗಳ ನಕ್ಷೆಯನ್ನು ಗಿರಾಕಿಗಳಿಗೆ ತೋರಿಸಲು ತಂದದ್ದು. ಯಾರೋ ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದರು. ಜೊತೆಗೆ ಕೆಲವು ಹಳೆಯ ಆಟಗಳನ್ನೂ ಹಾಕಿದ್ದರು. ಒಂದು ಸಂಜೆ ಬಡಗಿಯ ಹೆಂಡತಿ ಅದರಲ್ಲಿ ತೆಪ್ಪದ ಆಟವೊಂದನ್ನು ಕಂಡಳು. ಒಂದು ಹೊಳೆ, ಅದರಲ್ಲೊಂದು ತೆಪ್ಪ, ತೆಪ್ಪಕ್ಕೆ ಎರಡು ಹುಟ್ಟು. ಎಡಗಡೆಯ ಹುಟ್ಟು ಒಬ್ಬರದು, ಬಲಗಡೆಯದು ಇನ್ನೊಬ್ಬರದು. ಇಬ್ಬರೂ ಒಂದೇ ಹದದಲ್ಲಿ ಹಾಕಬೇಕು. ಒಬ್ಬರು ಮುಂದಾದರೂ ತೆಪ್ಪ ಗಿರಗಿರನೆ ತಿರುಗಿ ಬಂಡೆಗೆ ಬಡಿಯುತ್ತದೆ.

ಹೆಂಡತಿ ಕೀಬೋರ್ಡಿನ ಎಡಗಡೆ ಕೂತಳು. ಗಂಡನನ್ನು ಬಲಗಡೆ ಕೂರಿಸಿದಳು. ಅವನ ಬೆರಳುಗಳನ್ನು ಒಂದೊಂದಾಗಿ ಎತ್ತಿ, ಬಾಣದ ಗುರುತಿರುವ ಗುಂಡಿಗಳ ಮೇಲೆ ಇಟ್ಟಳು.

"ನೀವು ಹುಟ್ಟು ಹಾಕ್ದಿದ್ರೆ ನಿಮ್ ಜೊತೆ ನಾನೂ ಮುಳುಗ್ತೀನಿ ನೋಡ್ರಿ" ಎಂದಳು.

ಆ ಸಂಜೆ ಇಬ್ಬರೂ ಹನ್ನೊಂದು ಸಲ ಮುಳುಗಿದರು. ಮರುದಿನ ಒಂಬತ್ತು ಸಲ. ಚೆಂಡನ್ನು ಎಸೆದ ಮನುಷ್ಯ ಹುಟ್ಟನ್ನು ಎಸೆಯಲಿಲ್ಲ, ಯಾಕೆಂದರೆ ತೆಪ್ಪದಲ್ಲಿ ಹೆಂಡತಿ ಇದ್ದಳು. ಒಂದು ತಿಂಗಳಿಗೆ ತೋರುಬೆರಳು ಮಾತು ಕೇಳಿತು. ಎರಡನೆಯ ತಿಂಗಳಿಗೆ ನಡುಬೆರಳು ಅಲುಗಾಡಿತು. ಹೊಳೆಯ ಮೂರನೆಯ ತಿರುವು ದಾಟಿದ ದಿನ ಹೆಂಡತಿ ಅಡುಗೆಮನೆಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದಳು. ಗಂಡನಿಗೆ ಗೊತ್ತಾಗಲಿಲ್ಲ ಎಂದುಕೊಂಡಳು. ಅವನಿಗೆ ಗೊತ್ತಾಗಿತ್ತು.

ತೊಂದರೆ ಒಂದೇ ಇತ್ತು. ಆಟದ ನಡುವೆ ಪರದೆ ಒಮ್ಮೊಮ್ಮೆ ಕಲ್ಲಿನಂತೆ ನಿಂತುಬಿಡುತ್ತಿತ್ತು. ಹೆಂಡತಿ ಪೇಟೆಯಿಂದ ಒಬ್ಬ ರಿಪೇರಿಯವನನ್ನು ಕರೆಸಿದಳು.

ಡ್ರೈವರ್ ಎಂದರೇನು ಎಂದು ನಿನಗೆ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಬಲವಿದೆ, ಆದರೆ ಲಿನಕ್ಸ್ ಆಡುವ ಮಾತು ಅದಕ್ಕೆ ತಿಳಿಯದು. ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರ್. ಬಡಗಿಯ ಮನೆಯಲ್ಲಿ ಇದ್ದದ್ದು ಲಿನಕ್ಸಿನ ಜೊತೆಗೇ ಬರುವ ಡ್ರೈವರ್. ಅದನ್ನು ಬರೆದವರು ಆ ಕಾರ್ಡಿನ ಒಳಗುಟ್ಟು ತಿಳಿಯದೆಯೇ, ಹುಡುಕಿ ತಡಕಿ, ಪುಕ್ಕಟೆಯಾಗಿ ಬರೆದಿದ್ದರು. ಅದು ನಿಧಾನಸ್ಥ. ಕಾರ್ಡ್ ಮಾಡಿದ ಕಂಪನಿಯವರದೇ ಇನ್ನೊಂದು ಡ್ರೈವರ್ ಇತ್ತು. ಅದು ಚುರುಕು. ರಿಪೇರಿಯವನು ಅದನ್ನು ಹಾಕಿದ.

ಹಾಕಿ ಮೆಷೀನನ್ನು ಮತ್ತೆ ಶುರು ಮಾಡಿದಾಗ ಪರದೆ ಕಪ್ಪಾಯಿತು. ಹೊಸಬನನ್ನು ಒಳಗೆ ಕರೆದವನು ಹಳಬನನ್ನು ಹೊರಗೆ ಕಳಿಸುವುದನ್ನು ಮರೆತಿದ್ದ. ಇಬ್ಬರೂ ಒಂದೇ ಕಾರ್ಡನ್ನು ಹಿಡಿದು ಎಳೆದಾಡಿದರು. ಒಂದು ಒರೆಯಲ್ಲಿ ಎರಡು ಕತ್ತಿ ಇರುತ್ತವೆಯೇ? ಹೆಂಡತಿ ಹೆದರಿ ಬಾಗಿಲಲ್ಲೇ ನಿಂತಳು. ರಿಪೇರಿಯವನು ಕಪ್ಪು ಪರದೆಯ ಮೇಲೆ ಬರೀ ಅಕ್ಷರಗಳಲ್ಲೇ ಆಜ್ಞೆ ಬರೆದು, ಹಳೆಯ ಡ್ರೈವರನ್ನು ತಡೆದು, ಹೊಸದನ್ನು ಎಬ್ಬಿಸಿದ. ಇಡೀ ಮಧ್ಯಾಹ್ನ ಬೇಕಾಯಿತು. ಅವನು ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ.

ಕೊನೆಗೆ ಅವನು ತೆಪ್ಪದ ಆಟ ತೆರೆದ. ಪರದೆಯ ಮೂಲೆಯಲ್ಲಿ ಅಂಕಿಯೊಂದು ಕಾಣುವಂತೆ ಮಾಡಿದ. ಸೆಕೆಂಡಿಗೆ ಎಷ್ಟು ಚಿತ್ರಗಳು ಪರದೆಯ ಮೇಲೆ ಬಂದುಹೋಗುತ್ತವೆ ಎಂದು ಹೇಳುವ ಅಂಕಿ ಅದು. ಹದಿನೆಂಟು ಇದ್ದದ್ದು ನೂರನಲವತ್ತಾಗಿತ್ತು. ಅವನ ಎದೆ ಉಬ್ಬಿತು.

"ನೀರು ಏನೋ ಜೋರಾಯ್ತಲ್ಲಪ್ಪಾ?" ಎಂದಳು ಹೆಂಡತಿ.

"ಜೋರಾಗ್ಲಿ ಅಂತಲೇ ಅಲ್ವೇನಮ್ಮಾ ಇಷ್ಟೊತ್ತು ಒದ್ದಾಡಿದ್ದು? ಈಗ ಮೆಷೀನು ಸರಿಯಾಯ್ತು. ಇನ್ನು ಒಂದೇ ಒಂದು ತಪ್ಪು ಇಲ್ಲ ಇದರಲ್ಲಿ" ಎಂದು ರಿಪೇರಿಯವನು ಹೊರಟುಹೋದ.

ಸಂಜೆ ಗಂಡ ಹೆಂಡತಿ ಕೂತರು. ತೆಪ್ಪ ಮೊದಲನೆಯ ತಿರುವಿಗೇ ಬಂಡೆಗೆ ಬಡಿಯಿತು. ಮತ್ತೆ ಕೂತರು, ಮತ್ತೆ ಬಡಿಯಿತು. ಇಪ್ಪತ್ತು ಸಲವಾಯಿತು. ಮೆಷೀನಿಗೇ ಏನೋ ಆಗಿದೆ ಎಂದು ಹೆಂಡತಿ ಹೇಳಲು ಹೋದಳು. ಬಡಗಿ ಅವಳ ಮೇಲೆ ರೇಗಿದ. ಮೆಷೀನು ಸರಿಯಾಗಿದೆ ಎಂದು ಬಲ್ಲವನೇ ಹೇಳಿ ಹೋಗಿದ್ದಾನೆ, ಹಾಗಾದರೆ ಕೆಟ್ಟಿರುವುದು ತನ್ನ ಕೈ ಎಂದ. ಮೂವತ್ತು ವರ್ಷ ಉಳಿಯ ಮೇಲೆ ದೂರು ಹೇಳದ ಮನುಷ್ಯ ಈಗ ಕಂಪ್ಯೂಟರನ್ನು ದೂರುತ್ತಾನೆಯೇ? ಎದ್ದು ಹೋಗಿ ಮಂಚದ ಮೇಲೆ ಮಲಗಿ, ಕೈಯನ್ನು ಟವೆಲಿನಿಂದ ಮುಚ್ಚಿಕೊಂಡ.

ಮರುದಿನ ಅವನು ಆಟಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಎಂಟು ದಿನಕ್ಕೆ ನಡುಬೆರಳು ಬಿಗಿಯಿತು. ತೋರುಬೆರಳು ಮಡಚಿಕೊಳ್ಳತೊಡಗಿತು. ಆ ಕೈ ಕಣ್ಣೆದುರಿಗೇ ವಾಪಸ್ಸು ಹೋಗುವುದನ್ನು ಹೆಂಡತಿ ನೋಡಿದಳು. ಅವಳಿಗೆ ತಡೆಯಲಾಗಲಿಲ್ಲ. ಸೀದಾ ರಿಪೇರಿಯವನ ಅಂಗಡಿಗೆ ಹೋದಳು.

"ಆ ಕಂಪ್ಯೂಟರ್ ಒಯ್ದುಬಿಡಪ್ಪಾ. ಅದು ಕಣ್ಣಿಗೆ ಬಿದ್ರೆ ಇವರಿಗೆ ಸಂಕಟ ಆಗ್ತೈತೆ."

"ಯಾಕಮ್ಮಾ, ಮತ್ತೆ ಕೆಟ್ಟಿತಾ?"

"ಅದಕ್ಕೇನೂ ಆಗಿಲ್ಲ. ನೀನು ಚೆನ್ನಾಗೇ ಮಾಡಿದೀಯ. ಇವರ ಕೈಯೇ ಮತ್ತೆ ಸೋತೈತೆ."

ರಿಪೇರಿಯವನು ಅವಳ ಹಿಂದೆಯೇ ಬಂದ. ಕಂಪ್ಯೂಟರ್ ಒಯ್ಯುವ ಮೊದಲು ಒಮ್ಮೆ ನೋಡೋಣವೆಂದು ಆಟ ತೆರೆದು, ಎರಡೂ ಹುಟ್ಟುಗಳನ್ನು ತಾನೇ ಹಿಡಿದ. ಅವನದು ಇಪ್ಪತ್ತಾರರ ವಯಸ್ಸು, ಎರಡೂ ಕೈ ಗಟ್ಟಿ. ತೆಪ್ಪ ಮೊದಲನೆಯ ತಿರುವು ದಾಟಲಿಲ್ಲ. ನಾಲ್ಕು ಸಲ ಆಡಿದ, ನಾಲ್ಕು ಸಲವೂ ಮುಳುಗಿದ. ಆಗ ಅವನು ಮೂಲೆಯ ಅಂಕಿಯನ್ನು ಬಿಟ್ಟು ಮೊದಲ ಸಲ ನೀರನ್ನು ನೋಡಿದ.

ಆ ಆಟ ಹಳೆಯ ಕಾಲದ್ದು. ಮೆಷೀನುಗಳೆಲ್ಲ ನಿಧಾನವಾಗಿದ್ದಾಗ ಯಾರೋ ಬರೆದದ್ದು. ಒಂದು ಚಿತ್ರ ಮೂಡಿದರೆ ನೀರು ಒಂದು ಹೆಜ್ಜೆ ಹರಿಯಬೇಕು ಎಂದು ಅದರಲ್ಲಿ ಬರೆದಿತ್ತು. ಹದಿನೆಂಟು ಚಿತ್ರವಿದ್ದಾಗ ಹದಿನೆಂಟು ಹೆಜ್ಜೆ. ನೂರನಲವತ್ತಾದ ಮೇಲೆ ನೂರನಲವತ್ತು ಹೆಜ್ಜೆ. ಸರಿಮಾಡಲು ಬಂದವನು ಆ ಬಡಪಾಯಿಗಳ ಹೊಳೆಗೆ ನೆರೆ ತಂದು ಹೋಗಿದ್ದ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗಾಯಿತು.

ಅದಕ್ಕೆ ಮದ್ದು ಸುಲಭ. ಸೆಕೆಂಡಿಗೆ ಇಷ್ಟೇ ಚಿತ್ರ ಸಾಕು ಎಂದು ಒಂದು ಸಾಲು ಬರೆದರೆ ಮುಗಿಯಿತು. ಬರೆದು ಸುಮ್ಮನೆ ಎದ್ದು ಹೋಗಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಆದರೆ ಸುಮ್ಮನೆ ಹೋದರೆ ಬಡಗಿ ಏನೆಂದುಕೊಳ್ಳುತ್ತಾನೆ? ಕೈಲಾಗದವನ ಮೇಲೆ ಕರುಣೆಯಿಂದ ಹೊಳೆಯನ್ನು ನಿಧಾನ ಮಾಡಿದರು ಎಂದುಕೊಳ್ಳುತ್ತಾನೆ. ಹೊಳೆ ಇಳಿದರೂ ಕೈ ಏಳುವುದಿಲ್ಲ. ರಿಪೇರಿಯವನಿಗೆ ಇದು ಹೊಳೆಯಿತು. ಹೇಳಲು ನಾಚಿಕೆಯೂ ಆಯಿತು. ಆದರೂ ಮಂಚದ ಬಳಿಗೆ ಹೋಗಿ ನೆಲದ ಮೇಲೆ ಕೂತ.

"ಯಜಮಾನ್ರೇ, ನಿಮ್ಮ ಕೈ ಸೋತಿಲ್ಲ. ನಾನು ನೀರು ನೋಡ್ಲಿಲ್ಲ, ಅಂಕಿ ನೋಡ್ದೆ. ನನ್ನ ಕೈ ತಪ್ಪಿತು" ಎಂದ.

ಮೂವತ್ತು ವರ್ಷ ಆ ಮಾತನ್ನು ಗದರಿಸಿ ಹೇಳಿಸಿದವನು ಬಡಗಿ. ಯಾರೂ ಕೇಳದೆಯೇ ತಾನಾಗಿ ಬಂದು ಹೇಳಿದವನನ್ನು ಅವನು ಅದುವರೆಗೆ ಕಂಡಿರಲಿಲ್ಲ. ಹುಡುಗನ ಮುಖ ನೋಡಿದ. ಆಮೇಲೆ ಟವೆಲ್ ಸರಿಸಿ ಕೈಯನ್ನು ಹೊರಗೆ ತೆಗೆದ.

ರಿಪೇರಿಯವನು ಅಂಕಿಯನ್ನು ಹದಿನೆಂಟಕ್ಕೆ ಕಟ್ಟಿದ. ಹೊಸ ಡ್ರೈವರ್ ಹಾಗೇ ಉಳಿಯಿತು, ಪರದೆ ಕಲ್ಲಾಗಿ ನಿಲ್ಲುವ ರೋಗವೂ ಹೋಯಿತು. ಆ ಒಂದು ಸಾಲು ಎಲ್ಲಿದೆ, ಅದರಲ್ಲಿ ಅಂಕಿಯನ್ನು ಹೇಗೆ ಬದಲಿಸಬೇಕು ಎಂದು ಹೆಂಡತಿಗೆ ಕಲಿಸಿ ಹೋದ.

ಮೂರು ವಾರಕ್ಕೆ ಇಬ್ಬರೂ ಮತ್ತೆ ಮೂರನೆಯ ತಿರುವು ದಾಟಿದರು. ಆಗ ಬಡಗಿ, "ಇವಳೇ, ಒಂದು ಏರಿಸು ನೋಡೋಣ" ಎಂದ. ಹತ್ತೊಂಬತ್ತಾಯಿತು. ಮತ್ತೆ ಕೆಲವು ವಾರಕ್ಕೆ ಇಪ್ಪತ್ತಾಯಿತು. ಹೊಳೆ ಒಂದೊಂದೇ ಹೆಜ್ಜೆ ಜೋರಾಯಿತು, ಬೆರಳುಗಳು ಅದರ ಹಿಂದೆಯೇ ಹೋದವು. ಯುಗಾದಿಯ ಹೊತ್ತಿಗೆ ಅವನು ಉಳಿ ಹಿಡಿದ. ಹೆಂಡತಿಗೆ ಕೂರಲು ಒಂದು ಮಣೆ ಮಾಡಿಕೊಟ್ಟ. ಮಣೆಯ ಒಂದು ಮೂಲೆ ಎದ್ದಿತ್ತು, ಕೂತರೆ ಟಕಟಕ ಅನ್ನುತ್ತಿತ್ತು. ಅವಳು ಅದನ್ನು ಸರಿಮಾಡಲು ಕೊಡಲಿಲ್ಲ. ಅದರ ಮೇಲೆಯೇ ಕೂತು ಊಟ ಮಾಡಿದಳು.

ಮುಂದಿನ ಮಳೆಗಾಲದ ಹೊತ್ತಿಗೆ ಅಂಕಿ ಇಪ್ಪತ್ತೈದಕ್ಕೆ ಬಂತು. ಬಂದದ್ದು ಅಲ್ಲೇ ನಿಂತಿತು. ಆಮೇಲೆ ಬಡಗಿ ಎಂದೂ ಏರಿಸು ಎನ್ನಲಿಲ್ಲ.

ಇಷ್ಟು ಹೇಳಿ ಮೇಷ್ಟ್ರು ಕತೆ ಮುಗಿಸಿದರು. ತಿಪ್ಪೇಶನಿಗೆ ಸಮಾಧಾನವಾಗಲಿಲ್ಲ.

"ಪಾಪ, ಕೈ ಅಷ್ಟಕ್ಕೇ ನಿಂತಿತೇ ಮೇಷ್ಟ್ರೇ? ಉಳಿ ಹಿಡಿದವನು ಇನ್ನೂ ಏರಬಹುದಿತ್ತಲ್ಲ. ನೂರನಲವತ್ತು ಕೊಡುವ ಕಾರ್ಡ್ ಇಟ್ಟುಕೊಂಡು ಇಪ್ಪತ್ತೈದಕ್ಕೆ ಯಾಕೆ ನಿಂತ?"

"ಅವನ ಕೈ ನಲವತ್ತಕ್ಕೂ ತಯಾರಿತ್ತು ಕಣಪ್ಪಾ; ಇಪ್ಪತ್ತೈದು ದಾಟಿದರೆ ಎಡಗಡೆ ಕೂತ ಹೆಂಡತಿಗೆ ಹುಟ್ಟು ಹಾಕಲು ಆಗುತ್ತಿರಲಿಲ್ಲ."