ನೀರುಕೋಳಿ ಕೂಗಲಿಲ್ಲ

ಅಳಿವೆಯ ದಡದಲ್ಲಿದ್ದ ಪುಟ್ಟ ದೋಣಿಯೊಂದಕ್ಕೆ ಹೊಸ ಎಂಜಿನ್ ಕೂರಿಸಿದರು. ಪರೀಕ್ಷೆಗೆಂದು ನೀರಿಗಿಳಿದಾಗ ಎಂಜಿನ್ ಕೇಳಿತು: "ಎಷ್ಟು ವೇಗವಾಗಿ ಹೋಗೋಣ, ಯಜಮಾನಿ?"

ದಡದಲ್ಲಿ ಕಟ್ಟಿದ್ದ ದೊಡ್ಡ ದೋಣಿಗಳೆಲ್ಲ ತನ್ನತ್ತಲೇ ನೋಡುತ್ತಿರುವುದು ದೋಣಿಗೆ ಕಂಡಿತು. "ನಿನ್ನಲ್ಲಿರುವ ಬಲವನ್ನೆಲ್ಲ ತೋರಿಸು," ಎಂದಿತು.

"ಮುಂದೆ ಜೊಂಡಿನ ಅಂಚಿನಲ್ಲಿ ನೀರುಕೋಳಿಯೊಂದು ಕಾವಿಗೆ ಕೂತಿದೆ. ಅಲ್ಲಿ ನಿಧಾನಿಸಲೇ?"

"ಬೇಡ. ದಡದವರಿಗೆ ನಾವು ಚೆನ್ನಾಗಿ ಕಾಣುವುದು ಅಲ್ಲೇ."

ದೋಣಿ ಬಾಣದಂತೆ ನುಗ್ಗಿತು. ದೊಡ್ಡ ದೋಣಿಗಳು "ಭಲೇ, ಭಲೇ!" ಎಂದು ಕೂಗಿದವು. ಹಿಗ್ಗಿದ ದೋಣಿ ಬಹುದೂರ ಹೋಗಿ, ತಿರುಗಿ ಅದೇ ದಾರಿಯಲ್ಲಿ ಬಂತು. ಜೊಂಡಿನ ಬಳಿ ಅಲೆಗೆ ಸಿಕ್ಕಿ ಗೂಡು ಮಗುಚಿತ್ತು. ಮೊಟ್ಟೆಗಳು ನೀರುಪಾಲಾಗಿದ್ದವು. ನೀರುಕೋಳಿ ಅಲ್ಲೇ ಸುತ್ತುತ್ತ ಹುಡುಕುತ್ತಿತ್ತು.

ದೋಣಿ ತಪ್ಪನ್ನು ಅದರ ಮೇಲೆ ಹೊರಿಸಲು ನೋಡಿತು. "ನಾನು ಬರುವುದನ್ನು ಕಂಡಾಗ ಒಮ್ಮೆ ಕೂಗಬಾರದಿತ್ತೇ, ತಂಗಿ? ವೇಗ ತಗ್ಗಿಸುತ್ತಿದ್ದೆ."

"ಬೇರೆ ಯಾವ ದೋಣಿ ಬಂದಿದ್ದರೂ ಕೂಗುತ್ತಿದ್ದೆ, ಅಕ್ಕಾ," ಎಂದಿತು ನೀರುಕೋಳಿ. "ಹುಟ್ಟು ಹಾಕಿಕೊಂಡು ಬರುತ್ತಿದ್ದ ಕಾಲದಲ್ಲಿ ನೀನು ನನ್ನ ಗೂಡಿನ ಬಳಿ ನೀರೂ ಅಲುಗದಂತೆ ದಾಟುತ್ತಿದ್ದೆ. ಬರುತ್ತಿರುವುದು ನೀನೆಂದು ಕಂಡ ಮೇಲೆ ನಿಶ್ಚಿಂತೆಯಿಂದ ಕೂತೆ."

ನೀರುಕೋಳಿ ಜೊಂಡಿನೊಳಗೆ ಹೋಯಿತು.

ಎಂಜಿನ್ ಕೇಳಿತು: "ದಡಕ್ಕೆ ಹೋಗೋಣವೇ? ನಿನ್ನನ್ನು ಹೊಗಳಲು ಎಲ್ಲರೂ ಕಾಯುತ್ತಿದ್ದಾರೆ."

"ಹೊಗಳಿಸಿಕೊಳ್ಳುವ ಮುಖ ನನಗಿಲ್ಲ," ಎಂದಿತು ದೋಣಿ. "ನೀನು ಸುಮ್ಮನಾಗು. ನೀರು ಎಲ್ಲಿಗೆ ಒಯ್ಯುತ್ತದೋ ಒಯ್ಯಲಿ."