ನೂರು ಗುಲಗಂಜಿಗೆ ಎಷ್ಟು ಬಳ್ಳ?

ಒಂದು ಕಾಡಿನಲ್ಲಿ ಇರುವೆಗಳು ಹುಲ್ಲುಕಾಳನ್ನು ಕೊಳಗದಲ್ಲಿ ಅಳೆದು ಮಾರುತ್ತಿದ್ದವು. ಅಲ್ಲ ವಿಭಾ, ಕೊಳಗ ದೊಡ್ಡದಾಯಿತು. ಅದಕ್ಕಿಂತ ಚಿಕ್ಕ ಅಳತೆ, ಬಾಯಿಗೆ ಬರುತ್ತಿಲ್ಲ. ಈ ದೂರದ ಊರಿನಲ್ಲಿ ಎಲ್ಲವನ್ನೂ ಕಿಲೋದಲ್ಲೇ ಕೊಂಡು ಕೊಂಡು ಮರೆತಿದ್ದೇನೆ. ಸೇರಿಗಿಂತ ದೊಡ್ಡದು... ಬಳ್ಳ! ಹೌದು, ಬಳ್ಳದಲ್ಲಿ ಅಳೆದು ಮಾರುತ್ತಿದ್ದವು.

ಆ ಕಾಡಿನಲ್ಲಿ ಗುಲಗಂಜಿಯೇ ಹಣ. ಬಳ್ಳಕ್ಕೆ ಹತ್ತು ಗುಲಗಂಜಿ. ಒಂದು ಬಳ್ಳ ಕಾಳಿದ್ದರೆ ಒಂದು ಕೋಳಿ ಒಂದು ಮಳೆಗಾಲ ಕಳೆಯಬಹುದಿತ್ತು. ಆದರೆ ಹತ್ತಿರದ ಹುಲ್ಲೆಲ್ಲ ತೀರುತ್ತಿತ್ತು. ಇರುವೆಗಳು ವರ್ಷ ವರ್ಷವೂ ಇನ್ನಷ್ಟು ದೂರ ನಡೆಯಬೇಕಿತ್ತು. ಹಾಗಾಗಿ ಬೆಲೆಯನ್ನು ವರ್ಷಕ್ಕೆ ಹತ್ತಕ್ಕೊಂದರಂತೆ ಏರಿಸುತ್ತಿದ್ದವು.

ಚುಕ್ಕವ್ವ ಎಂಬ ಕಾಡುಕೋಳಿಗೆ ವಯಸ್ಸಾಗುತ್ತಿತ್ತು. ಕಾಲುಗಳು ನೆಲ ಕೆದಕಲು ಸೋಲುತ್ತಿದ್ದವು. ಮುದಿತನಕ್ಕೆಂದು ಅವಳು ನೂರು ಗುಲಗಂಜಿ ಕೂಡಿಟ್ಟಿದ್ದಳು. ಅಷ್ಟೇ ಅವಳ ಆಸ್ತಿ.

ಒಂದು ದಿನ ನರಿ ಬಂತು. "ಚುಕ್ಕವ್ವ, ನಿನ್ನ ಗುಲಗಂಜಿ ನನ್ನ ಗವಿಯಲ್ಲಿ ಭದ್ರವಾಗಿರಲಿ. ಏಳು ವರ್ಷ ಕಳೆಯಲಿ, ನೂರಕ್ಕೆ ನೂರಾಹತ್ತು ಎಣಿಸಿ ಕೊಡುತ್ತೇನೆ. ಅಳಿಲು ಕೊಟ್ಟಾಯಿತು, ಲಾವಕ್ಕಿ ಕೊಟ್ಟಾಯಿತು. ನೀನೊಬ್ಬಳೇ ಬಾಕಿ" ಎಂದಿತು.

ಆ ಕಾಡಿನಲ್ಲಿ ಮಾತು ಕೊಟ್ಟವರು ಹೊನ್ನೆ ಮರದ ತೊಗಟೆಯ ಮೇಲೆ ಉಗುರಿನಿಂದ ಗೀರಬೇಕಿತ್ತು. ಮರದಿಂದ ಕೆಂಪು ರಸ ಒಸರಿ ಒಣಗಿದರೆ ಮಾತು ಗಟ್ಟಿಯಾಯಿತೆಂದು ಅರ್ಥ. ಗೀರಿದವರೇ ಅಡ್ಡಗೀರು ಎಳೆಯದ ಹೊರತು ಅದು ಅಳಿಯುತ್ತಿರಲಿಲ್ಲ.

ಎಲ್ಲರೂ ಮರದ ಬಳಿ ಸೇರಿದರು. ನರಿ ಉಗುರು ಎತ್ತಿತು.

"ಸ್ವಲ್ಪ ತಾಳಿ" ಎಂದಳು ಚುಕ್ಕವ್ವ. ಅವಳು ಮರಳಿನ ಮೇಲೆ ಕಾಲಿನಿಂದ ಗೆರೆ ಎಳೆಯತೊಡಗಿದಳು. "ಈ ವರ್ಷ ಬಳ್ಳಕ್ಕೆ ಹತ್ತು. ಮುಂದಿನ ವರ್ಷ ಹನ್ನೊಂದು. ಆಮೇಲೆ ಹನ್ನೆರಡು ದಾಟುತ್ತದೆ..."

ನರಿ ನಕ್ಕಿತು. "ವರ್ಷಕ್ಕೆ ಒಂದು ಗುಲಗಂಜಿ ಹೆಚ್ಚಾದರೆ ಏನು ಮಹಾ?"

"ಹೌದಲ್ಲವೇ? ಏಳು ವರ್ಷಕ್ಕೆ ಏಳು. ಹದಿನೇಳಾಗುತ್ತೆ, ಅಷ್ಟೇ ತಾನೆ?" ಎಂದಿತು ಅಳಿಲು.

"ಅಲ್ಲ ಕಣೋ. ಹತ್ತಿದ್ದಾಗ ಒಂದು ಏರುತ್ತೆ. ಹದಿನೈದಾದಾಗ ಒಂದೂವರೆ ಏರುತ್ತೆ. ಏರಿದ್ದರ ಮೇಲೇ ಮತ್ತೆ ಏರೋದು." ಅವಳು ಗೆರೆಗಳನ್ನು ಎಣಿಸಿದಳು. "ಏಳನೇ ವರ್ಷಕ್ಕೆ ಹತ್ತೊಂಬತ್ತೂವರೆ. ಇವತ್ತು ನನ್ನ ನೂರಕ್ಕೆ ಹತ್ತು ಬಳ್ಳ ಕಾಳು. ಆವತ್ತು ಇವರ ನೂರಾಹತ್ತಕ್ಕೆ ಆರು ಬಳ್ಳವೂ ಬರೋದಿಲ್ಲ."

ಅಳಿಲಿನ ಬಾಲ ನೆಟ್ಟಗಾಯಿತು. "ಹಾಗಾದರೆ ನನ್ನದು?"

"ನಿನ್ನದೂ ಅಷ್ಟೇ."

"ನಾನು ಒಂದು ಗುಲಗಂಜಿಯನ್ನೂ ಕದಿಯುವುದಿಲ್ಲ! ಎಣಿಸಿ ಕೊಡುತ್ತೇನೆ ಅಂದೆನಲ್ಲ!" ಎಂದು ನರಿ ಕೂಗಿತು.

"ಗುಲಗಂಜಿ ಎಣಿಸಿದರೆ ಹೊಟ್ಟೆ ತುಂಬುತ್ತಾ, ನರಿರಾಯರೇ? ಮರದ ಮೇಲೆ ಗುಲಗಂಜಿ ಅಂತ ಗೀರಬೇಡಿ, ಬಳ್ಳ ಅಂತ ಗೀರಿ. ಹತ್ತು ಬಳ್ಳದ ಬೆಲೆ ಒಯ್ಯುತ್ತೀರಿ. ಏಳು ವರ್ಷಕ್ಕೆ ಹನ್ನೊಂದು ಬಳ್ಳ ಕಾಳು ಕೊಡಿ."

"ಹನ್ನೊಂದು ಬಳ್ಳವೇ! ಆ ಹೊತ್ತಿಗೆ ಕಾಳಿನ ಬೆಲೆ ದುಪ್ಪಟ್ಟಾಗಿರುತ್ತಲ್ಲ! ಅದಕ್ಕೇ ತಾನೆ ನಾನು ಈಗಲೇ ಕೊಂಡು..." ನರಿ ನಾಲಗೆ ಕಚ್ಚಿಕೊಂಡಿತು.

ಇರುವೆಗಳ ಒಂದು ಸಾಲು ಮೆಲ್ಲನೆ ನರಿಯ ಗವಿಯ ಕಡೆ ಹೊರಟಿತು. ಎಲ್ಲರಿಗೂ ಕೇಳಿಸಿತ್ತು.

ನರಿ ಹಲ್ಲು ತೋರಿಸುತ್ತ ಮುಂದೆ ಬಂತು. "ನಾನು ನರಿ, ನೀನು ಕೋಳಿ. ನೆನಪಿದೆಯೇನೇ ಮುದುಕಿ?"

ಚುಕ್ಕವ್ವ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. "ನೆನಪಿಟ್ಟುಕೊಂಡೇ ಇಷ್ಟು ವರ್ಷ ಬದುಕಿದ್ದೀನಿ. ನನ್ನನ್ನು ತಿಂದರೆ ಲೆಕ್ಕ ಅಳಿಯುತ್ತಾ? ಮರಳ ಮೇಲಿದೆ, ಇಷ್ಟು ಜನ ಓದಿಯಾಯಿತು. ಇವರನ್ನೆಲ್ಲ ತಿನ್ನುವಷ್ಟು ದೊಡ್ಡ ಹೊಟ್ಟೆ ನಿನಗಿದೆಯಾ?"

ಅಷ್ಟರಲ್ಲಿ ಗವಿಯ ಕಡೆ ಹೋಗಿದ್ದ ಇರುವೆಗಳ ಸಾಲು ಮರಳಿ ಬಂತು. "ಗವಿಯಲ್ಲಿ ಒಂದು ಗುಲಗಂಜಿಯೂ ಇಲ್ಲ! ನೆಲದಿಂದ ಚಾವಣಿವರೆಗೆ ನಾವು ಮಾರಿದ ಕಾಳೇ ತುಂಬಿದೆ!" ಎಂದಿತು ಹಿರಿಯ ಇರುವೆ.

ಇನ್ನು ಯಾರೂ ಸುಮ್ಮನಿರಲಿಲ್ಲ. ಇರುವೆಗಳು ನರಿಯ ನಾಲ್ಕೂ ಕಾಲು ಹತ್ತಿದವು. ಲಾವಕ್ಕಿಗಳು ಕಿವಿಯ ಬಳಿ ಕಿರುಚಿದವು. ಅಳಿಲು ತಲೆಯ ಮೇಲೆ ಕುಳಿತು, "ಮೊದಲು ಅಡ್ಡಗೀರು ಎಳಿ! ಆಮೇಲೆ ಓಡು!" ಎಂದಿತು. ನರಿ ಅಳುತ್ತಾ ಹಳೆಯ ಗೀರುಗಳ ಮೇಲೆಲ್ಲ ಅಡ್ಡಗೀರು ಎಳೆಯಿತು. ಕೊನೆಯದನ್ನು ಎಳೆದದ್ದೇ ತಡ, ಬಾಲ ಮುದುರಿಕೊಂಡು ಕಾಡು ಬಿಟ್ಟು ಓಡಿತು. ಗವಿಯ ರಾಶಿಯಿಂದ ಅವರವರ ಗುಲಗಂಜಿಗೆ ತಕ್ಕಷ್ಟು ಕಾಳು ಅವರವರಿಗೆ ಸಿಕ್ಕಿತು.

ಚುಕ್ಕವ್ವ ತನ್ನ ಹಣದಲ್ಲಿ ಎರಡು ಬಳ್ಳ ಕಾಳು ಕೊಂಡಳು. ತಿನ್ನಲಿಲ್ಲ. ಕೆರೆಯ ಪಕ್ಕದ ಬೋಳು ನೆಲಕ್ಕೆ ಚೆಲ್ಲಿದಳು. ಉಳಿದವರೂ ಒಂದೊಂದು ಹಿಡಿ ಚೆಲ್ಲಿದರು. ಮಳೆ ಬಂತು, ಹುಲ್ಲು ಎದ್ದಿತು, ತೆನೆ ಬಿಟ್ಟಿತು. ಇರುವೆಗಳಿಗೆ ದೂರ ನಡೆಯುವುದು ತಪ್ಪಿತು. ಆ ವರ್ಷ ಬಳ್ಳದ ಬೆಲೆ ಏರಲಿಲ್ಲ.

ಕಥೆ ಇಷ್ಟೇ. ವಿಭಾ, ಕೊನೆಯ ಸಾಲನ್ನು ನೀನು ಬರೆದುಕೋ ಮಗಳೇ. ನಾನು ಹೇಳುತ್ತೇನೆ, ದೊಡ್ಡ ಅಕ್ಷರದಲ್ಲಿ ಬರಿ.

ನೀತಿ: ಕೂಡಿಟ್ಟದ್ದು ಎಷ್ಟಿದೆ ಎಂದಷ್ಟೇ ಎಣಿಸಬೇಡಿ, ಮುಂದೊಂದು ದಿನ ಅದರಿಂದ ಎಷ್ಟು ಕಾಳು ಬರುತ್ತದೆ ಎಂದು ಲೆಕ್ಕ ಹಾಕಿ, ಆ ಲೆಕ್ಕ ಕೇಳಲು ಯಾರ ಹಲ್ಲಿಗೂ ಹೆದರಬೇಡಿ.