ಕೌಸಲ್ಯೆಯ ಪಾಳಿ

ಬೀದರಿನ ಹೊರಗೆ, ಕೆಮ್ಮಣ್ಣಿನ ದಿಬ್ಬದ ಮೇಲೆ ತಗಡಿನ ಮಾಡಿನ ಒಂದು ವಸತಿನಿಲಯ. ಊರು ದೂರವಿಟ್ಟವರ ಹೆಣ್ಣುಮಕ್ಕಳು ಅಲ್ಲಿದ್ದು ಶಾಲೆಗೆ ಹೋಗುತ್ತಿದ್ದರು. ಅದನ್ನು ನಡೆಸುತ್ತಿದ್ದವರು ಬೌದ್ಧ ಭಿಕ್ಷುಗಳಾದ ಪೂಜ್ಯ ಖೇಮಪಾಲ ಭಂತೇಜಿಯವರು. ಬೇಲಿಯಾಚೆಯ ಗುಡಿಸಲಿನಲ್ಲಿ ಅವರ ವಾಸ. ಮೈಮೇಲೆ ಹೊದ್ದ ಚೀವರ, ಒಂದು ಭಿಕ್ಷಾಪಾತ್ರೆ, ಸದಾ ಹತ್ತು ನಿಮಿಷ ಹಿಂದೆ ನಡೆಯುವ ಒಂದು ಗಡಿಯಾರ, ಇಷ್ಟೇ ಅವರ ಆಸ್ತಿ. ಆ ಗಡಿಯಾರವನ್ನು ಯಾರೂ ನಂಬುತ್ತಿರಲಿಲ್ಲ. ಹಗಲು ಹನ್ನೆರಡಕ್ಕೆ ಕೂಗುವ ಊರಿನ ಕಾರ್ಖಾನೆಯ ಸೈರನ್ನೇ ಎಲ್ಲರಿಗೂ ಆಧಾರ.

ಭಿಕ್ಷುಗಳಿಗೆ ಎರಡು ಕಟ್ಟಳೆಗಳುಂಟು. ಯಾರಾದರೂ ಕೈಯಾರೆ ನೀಡದ ಅನ್ನವನ್ನು ಅವರು ಮುಟ್ಟುವಂತಿಲ್ಲ. ನಡುಹಗಲು ಹನ್ನೆರಡು ದಾಟಿದರೆ ಮರುದಿನ ಬೆಳಗಿನವರೆಗೆ ಉಣ್ಣುವಂತಿಲ್ಲ. ಹೀಗಾಗಿ ಆ ನಿಲಯದಲ್ಲಿ ದಿನಕ್ಕೊಬ್ಬ ಹುಡುಗಿ ಭಂತೇಜಿಯವರ ಪಾತ್ರೆಗೆ ಬಡಿಸುವ ಪಾಳಿ ಇತ್ತು.

ಅದೊಂದು ಭಾನುವಾರ ಕೌಸಲ್ಯೆಯ ಪಾಳಿ. ಅವಳು ಬಂದು ಇನ್ನೂ ವಾರವಾಗಿರಲಿಲ್ಲ. ಹಿಂದಿನ ಶಾಲೆಯಲ್ಲಿ ಅವಳು ಸೌಟು ಮುಟ್ಟಿದಳೆಂದು ಸಾರಿನ ಹಂಡೆಯನ್ನೇ ಅವಳೆದುರು ಚರಂಡಿಗೆ ಸುರಿದಿದ್ದರಂತೆ. ಪಾಳಿಯ ಮಾತು ಕೇಳಿದ್ದೇ ತಡ, ಹುಡುಗಿ ನೀರಿನ ಟಾಕಿಯ ಹಿಂದೆ ಅಡಗಿ ಅಳತೊಡಗಿದಳು.

ಭಂತೇಜಿಯವರು ಮಕ್ಕಳಿಗೆ ಉಣ್ಣಲು ಹೇಳಿ, ತಾವು ಮಾತ್ರ ಬರಿಯ ಪಾತ್ರೆ ಹಿಡಿದು ಕುಳಿತರು. ಅಡುಗೆಯ ನೀಲಮ್ಮನವರಿಗೆ ತಳಮಳ.

“ಬ್ಯಾರೆ ಪೋರಿ ಕೈಲೆ ಹಾಕಿಸ್ತೀನ್ರಿ ಭಂತೇಜಿ, ಹೊತ್ತಾಗ್ಲತ್ತದ.”

“ಪಾಳಿ ಅಕಿದದ,” ಎಂದರು ಭಂತೇಜಿ. ಮಗುವನ್ನು ಕರೆಯಲೂ ಇಲ್ಲ, ಗದರಲೂ ಇಲ್ಲ.

ಅದೇ ಹೊತ್ತಿಗೆ ಕೌಸಲ್ಯೆಯ ತಂದೆ ಝರೆಪ್ಪನವರು ಬಂದರು. ಊರಿನ ಚರಂಡಿ ಬಳಿಯುವುದು ಅವರ ಕೆಲಸ. ಮಗಳನ್ನು ಇಲ್ಲಿ ಎಲ್ಲಿ ಕೂರಿಸಿ ಉಣಿಸುತ್ತಾರೋ ನೋಡಬೇಕು, ಬೇರೆ ಕೂರಿಸಿದ್ದರೆ ಕರೆದೊಯ್ಯಬೇಕು ಎಂದು ಊಟದ ಹೊತ್ತನ್ನೇ ನೋಡಿಕೊಂಡು, ಬಟ್ಟೆ ತುಂಬಲು ಖಾಲಿ ಗೋಣಿಚೀಲವನ್ನೂ ಹಿಡಿದು ಬಂದಿದ್ದರು. ಬಂದು ನೋಡಿದರೆ ಎಲ್ಲ ಹುಡುಗಿಯರೂ ಸಾಲಿನಲ್ಲಿ, ಮಗಳೊಬ್ಬಳೇ ಟಾಕಿಯ ಹಿಂದೆ. ಅವರ ರಕ್ತ ಕುದಿಯಿತು.

“ಇಲ್ಲೂ ಹೊರಗ ಕುಂದರಸೀರಿ! ಬುದ್ಧ ಬುದ್ಧ ಅಂತೀರಿ, ನಮ್ಮ ಪೋರಿಗಿ ಮಾತ್ರ ಟಾಕಿ ಹಿಂದ ಜಾಗಾ! ಏಳವ್ವ, ನಿನ್ನ ಅರಬಿ ತುಂಬು.”

ನೀಲಮ್ಮನವರು ನಡುವೆ ಬಂದು ನಡೆದದ್ದನ್ನು ಹೇಳಿದರು. ಝರೆಪ್ಪನವರು ನಂಬಲಿಲ್ಲ.

“ಅಕಿ ಕೈಲೆ ಉಣ್ತೀರಾ? ನಾ ಏನ್ ಕೆಲಸ ಮಾಡ್ತೀನಿ, ಗೊತ್ತದೇನ್ರಿ ನಿಮಗ?”

ಭಂತೇಜಿಯವರು ಬರಿದಾದ ಪಾತ್ರೆಯನ್ನು ಟಾಕಿಯ ಕಡೆಗೆ ಚಾಚಿದರು. “ಅಕಿ ಹಾಕಿದ್ರ ಉಣ್ತೀನಿ.”

ತಂದೆಯ ದನಿ ಕೇಳಿ ಕೌಸಲ್ಯೆ ಎದ್ದು ಬಂದಿದ್ದಳು. ಅಪ್ಪನ ಮುಖ ನೋಡಿದಳು, ಪಾತ್ರೆ ನೋಡಿದಳು. ಮೆಲ್ಲಗೆ ಹೋಗಿ ಅನ್ನ ಬಡಿಸಿದಳು. ಬೇಳೆಯ ಸೌಟು ಎತ್ತಿದಾಗ ಅದು ವಾಲಿ, ಅರ್ಧ ಬೇಳೆ ಭಂತೇಜಿಯವರ ಚೀವರದ ಮೇಲೆ ಚೆಲ್ಲಿತು. ಹುಡುಗಿ ಸೌಟನ್ನು ಹಂಡೆಗೆ ಬಿಟ್ಟು ಹಿಂದೆ ಸರಿದಳು. ಇನ್ನು ಹಂಡೆ ಸುರಿಯುತ್ತಾರೆ ಎಂದು ಝರೆಪ್ಪನವರು ಕಣ್ಣು ಮುಚ್ಚಿಕೊಂಡರು.

“ಇನ್ನೊಂದ್ ಸೌಟ್ ಹಾಕವ್ವ,” ಎಂದರು ಭಂತೇಜಿ. “ಹಸಿವಿ ಭಾಳ ಆಗ್ಯದ.”

ಈ ಮಾತನ್ನು ನೀಲಮ್ಮನವರ ಬಾಯಿಂದ ನಾನು ಎಷ್ಟು ಸಲ ಕೇಳಿದ್ದೇನೋ. ಪ್ರತಿಸಲವೂ ಕಣ್ಣು ತುಂಬುತ್ತದೆ. ಸಾಲಿನಲ್ಲಿದ್ದ ಹುಡುಗಿಯರು “ನನಗೂ, ನನಗೂ” ಎಂದು ತಟ್ಟೆ ಮುಂದೆ ಮಾಡಿದರು. ಕೌಸಲ್ಯೆ ಮೂಗು ಒರೆಸಿಕೊಳ್ಳುತ್ತ ಅದೇ ಹಂಡೆಯಿಂದ ಎಲ್ಲರಿಗೂ ಬಡಿಸಿದಳು. ಭಂತೇಜಿಯವರು ಕೊನೆಯ ತುತ್ತು ನುಂಗುವುದಕ್ಕೂ ಸೈರನ್ ಕೂಗುವುದಕ್ಕೂ ಸರಿಹೋಯಿತು. ನೀಲಮ್ಮನವರು ಉಸ್ಸೆಂದು ಅಲ್ಲಿಯೇ ನೆಲಕ್ಕೆ ಕುಳಿತುಬಿಟ್ಟರು.

“ಚೀಲ ಯಾಕ ತಂದಿ ಅಪ್ಪಾ?” ಎಂದು ಮಗಳು ಬೇಕೆಂದೇ ಕೇಳಿದಾಗ ಝರೆಪ್ಪನವರು ತಡವರಿಸಿದರು. “ಪಲ್ಯಾ ಒಯ್ಯಾಕ ಸಂತಿಗಿ ಹೊಂಟಿದ್ದೆ.” ಎಲ್ಲರಿಗೂ ಸುಳ್ಳೆಂದು ಗೊತ್ತಾಗಿ, ಎಲ್ಲರೂ ನಕ್ಕರು. ಅವರೂ ಕಣ್ಣೊರೆಸಿಕೊಂಡು ನಕ್ಕರು.

ಮುಂದಿನ ಭಾನುವಾರ ಝರೆಪ್ಪನವರು ಅದೇ ಚೀಲದ ತುಂಬ ಮೆಂತ್ಯೆಸೊಪ್ಪು ಹೊತ್ತು ಬಂದರು. ನಳದಡಿ ಮೂರು ಸಲ ಕೈ ತೊಳೆದುಕೊಂಡರು.

“ಇವತ್ತ ಯಾರ ಪಾಳಿ ಅದ್ರಿ?”

ಪಾಳಿಯ ಹುಡುಗಿ ನಗುತ್ತ ತನ್ನ ಸೌಟನ್ನು ಅವರ ಕೈಗಿತ್ತಳು. ಭಂತೇಜಿಯವರು ಪಾತ್ರೆಯನ್ನು ಮುಂದೆ ಚಾಚಿದರು. ಸೈರನ್ನಿಗೆ ಇನ್ನೂ ಒಂದು ಗಂಟೆಯಿತ್ತು.